ಮಾಡ್ಯುಲರ್ ಮಾಡಿದ್ದು ಲಾಭವಾಯಿತಾ? ಫ್ಯಾಕ್ಟರಿಯಲ್ಲಿ ಅಳೆದು ನೋಡುವ ಸಮಗ್ರ ಮಾರ್ಗದರ್ಶಿ

ವರ್ಷದ ಕೊನೆಯ ಮೀಟಿಂಗ್. ಡಿಸೈನ್ ವಿಭಾಗದ ನಾವೆಲ್ಲ ಖುಷಿಯಲ್ಲಿದ್ದೆವು. ಉತ್ಪನ್ನಗಳನ್ನು ಮಾಡ್ಯುಲರ್ ಮಾಡಿ, ಅಂದರೆ ಒಂದೇ ಭಾಗ ಹಲವು ಮಾಡೆಲ್‌ಗೆ ಹೊಂದುವಂತೆ ಮಾಡಿ, ಪಾರ್ಟ್ ನಂಬರ್‌ಗಳನ್ನು (ಬಗೆಗೊಂದರಂತೆ ಕೊಡುವ ಕೋಡ್) 1,100ರಿಂದ 600ಕ್ಕೆ ಇಳಿಸಿದ್ದೆವು. ಪರದೆಯ ಮೇಲೆ ಗ್ರಾಫ್ ಚೆಂದವಾಗಿ ಇಳಿಯುತ್ತಿತ್ತು. ಅಕೌಂಟ್ಸ್‌ನವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಎಲ್ಲ ಸರಿ, ಸ್ಟಾಕ್ ವ್ಯಾಲ್ಯೂ ಯಾಕೆ ಹೋದ ವರ್ಷಕ್ಕಿಂತ ಜಾಸ್ತಿ ಇದೆ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಂಜೆ ಸ್ಟೋರ್ಸ್‌ಗೆ ಹೋದೆ. ಸ್ಟೋರ್‌ಕೀಪರ್ ನಕ್ಕರು. "ಸಾರ್, ನೀವು ಕಂಪ್ಯೂಟರ್‌ನಲ್ಲಿ ಹಳೆ ಭಾಗಗಳ ಕೋಡ್ ಬ್ಲಾಕ್ ಮಾಡಿದ್ರಿ. ಇಲ್ಲಿ ರ‍್ಯಾಕ್ ಬ್ಲಾಕ್ ಆಗಿದೆ, ಹಳೆ ಮಾಲು ಹಾಗೇ ಕೂತಿದೆ. ಇದನ್ನ ಯಾರು ತೆಗೀತಾರೆ?"

ಮಾಡ್ಯುಲರ್ ವಿನ್ಯಾಸದ ಲಾಭ ಅಳೆಯುವಾಗ ಆಗುವ ಎಡವಟ್ಟು ಇದೇ. ಸುಲಭವಾಗಿ ಎಣಿಸಲು ಸಿಗುವುದನ್ನು ಎಣಿಸುತ್ತೇವೆ. ದುಡ್ಡು ಬೇರೆ ಕಡೆ ಕೂತಿರುತ್ತದೆ. ಇನ್ನೊಂದು ಕಡೆ, ಬಿಡಿಭಾಗದ ಕಾಸ್ಟ್ ಶೀಟ್ ನೋಡಿದರೆ ಮಾಡ್ಯುಲರ್ ಭಾಗ ಬಹಳ ಸಲ ದುಬಾರಿಯಾಗಿಯೇ ಕಾಣುತ್ತದೆ. ಲಾಭ ಬರುವುದು ಸ್ಟೋರ್ಸ್‌ನಲ್ಲಿ, ಪರ್ಚೇಸ್‌ನಲ್ಲಿ, ಡ್ರಾಯಿಂಗ್ ಟೇಬಲ್ ಮೇಲೆ, ಸರ್ವಿಸ್ ಎಂಜಿನಿಯರ್‌ನ ಬ್ಯಾಗ್‌ನಲ್ಲಿ. ಅಲ್ಲಿ ಯಾರೂ ಲೆಕ್ಕ ಇಡುವುದಿಲ್ಲ. ಹಾಗಾಗಿ ಬದಲಾವಣೆಗೆ ಕೈ ಹಾಕುವ ಮೊದಲೇ ಆ ಜಾಗಗಳಲ್ಲಿ ಲೆಕ್ಕ ಶುರು ಮಾಡಬೇಕು. ಆಮೇಲೆ ಮಾಡಿದರೆ ಹೋಲಿಸಲು ಹಿಂದಿನ ಅಂಕಿಯೇ ಇರುವುದಿಲ್ಲ.

ಉದಾಹರಣೆಗೆ ಹೈಡ್ರಾಲಿಕ್ ಪವರ್ ಪ್ಯಾಕ್ ತಗೊಳ್ಳೋಣ. ಪೀಣ್ಯದ ಯಾವ ಅಡ್ಡರಸ್ತೆಗೆ ಹೋದರೂ ಇದನ್ನು ಕಟ್ಟುವ ಒಂದು ಶೆಡ್ ಸಿಗುತ್ತದೆ. ಪ್ರೆಸ್, ಫಿಕ್ಸ್ಚರ್, ಲಿಫ್ಟ್ ಇವಕ್ಕೆಲ್ಲ ಒತ್ತಡದಲ್ಲಿ ಎಣ್ಣೆ ಕೊಡುವ ಘಟಕ ಇದು. ಒಂದು ಟ್ಯಾಂಕ್, ಮೇಲೊಂದು ಮೋಟರ್, ಪಂಪ್, ಎರಡರ ನಡುವೆ ಬೆಲ್ ಹೌಸಿಂಗ್ (ಎರಡನ್ನೂ ಸೇರಿಸಿ ಹಿಡಿಯುವ ಕವಚ) ಮತ್ತು ಕಪ್ಲಿಂಗ್ (ಶಾಫ್ಟ್‌ಗಳನ್ನು ಜೋಡಿಸುವ ಕೊಂಡಿ), ಪಕ್ಕದಲ್ಲಿ ಮ್ಯಾನಿಫೋಲ್ಡ್ ಬ್ಲಾಕ್ (ಒಳಗೆ ಎಣ್ಣೆಯ ದಾರಿ ಕೊರೆದ ಉಕ್ಕಿನ ತುಂಡು), ಅದರ ಮೇಲೆ ವಾಲ್ವ್‌ಗಳು. ಕೆಳಗೆ ಕೊಡುವ ರೂಪಾಯಿ ಲೆಕ್ಕಗಳು ವಿಧಾನ ತೋರಿಸಲು ನಾನು ಹಾಕಿಕೊಂಡವು. ನಿಮ್ಮ ಅಂಕಿ ನೀವು ತುಂಬಿಕೊಳ್ಳಿ.

ಶುರು ಮಾಡುವ ಮುನ್ನ: ಮಾಡ್ಯುಲರ್ ಅಂದರೆ ಯಾವುದು?

ಭಾಗಗಳನ್ನು ಕಡಿಮೆ ಮಾಡುವುದಷ್ಟೇ ಮಾಡ್ಯುಲರ್ ಅಲ್ಲ. ಎರಡು ಭಾಗ ಸೇರುವ ಜಾಗವನ್ನು ಗಟ್ಟಿಯಾಗಿ ನಿಗದಿ ಮಾಡಿ, ಆಚೆ ಈಚೆ ಏನು ಬೇಕಾದರೂ ಬದಲಾಯಿಸುವ ಸ್ವಾತಂತ್ರ್ಯ ಇಟ್ಟುಕೊಳ್ಳುವುದು ಮಾಡ್ಯುಲರ್.

ಪವರ್ ಪ್ಯಾಕ್‌ನಲ್ಲೇ ನೋಡಿ. ನಮ್ಮವರು ಸೀಟಾಪ್ 3 ಅಂತ ಕರೆಯುವ ವಾಲ್ವ್ ಇದೆಯಲ್ಲ, ಅದರ ತಳ ಐಎಸ್‌ಓ 4401 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇರುತ್ತದೆ. ನಾಲ್ಕು ಎಂ5 ಬೋಲ್ಟ್, ಎಣ್ಣೆ ಹೋಗಿಬರುವ ನಾಲ್ಕು ತೂತು: ಪಿ, ಟಿ, ಎ, ಬಿ. ಯಾವ ಕಂಪನಿಯ ವಾಲ್ವ್ ತಂದರೂ ಅದೇ ಬ್ಲಾಕ್ ಮೇಲೆ ಕೂರುತ್ತದೆ. ಮೋಟರ್ ಕಡೆಯೂ ಹಾಗೇ. ನಿಮಿಷಕ್ಕೆ 1,500 ಸುತ್ತಿನ ವರ್ಗದ 3 ಎಚ್‌ಪಿ ಮತ್ತು 5 ಎಚ್‌ಪಿ ಫ್ಲೇಂಜ್ ಮೋಟರ್‌ಗಳ (ಬೋಲ್ಟ್ ಹಾಕಿ ಕೂರಿಸಲು ಮುಂದೆ ದುಂಡನೆಯ ಚಪ್ಪಟೆ ಅಂಚು ಇರುವವು) ಫ್ರೇಮ್ ಬೇರೆ, ಆದರೆ ಶಾಫ್ಟ್ ಎರಡಕ್ಕೂ 28 ಮಿಲಿಮೀಟರ್, ಫ್ಲೇಂಜ್ 250. 7.5 ಮತ್ತು 10 ಎಚ್‌ಪಿಗೆ ಶಾಫ್ಟ್ 38, ಫ್ಲೇಂಜ್ 300. ಅಂದರೆ ಈ ನಾಲ್ಕು ಮೋಟರ್‌ಗೆ ಮೋಟರ್ ಕಡೆಯಿಂದ ಬೇಕಾಗುವುದು ಎರಡೇ ಬಗೆಯ ಬೆಲ್ ಹೌಸಿಂಗ್. ಇದನ್ನು ಗಮನಿಸದೆ ಆರ್ಡರಿಗೊಂದು ಡ್ರಾಯಿಂಗ್ ಹಾಕಿ ಹತ್ತು ಬಗೆ ಮಾಡಿಟ್ಟುಕೊಂಡ ಕಂಪನಿಗಳನ್ನು ನೋಡಿದ್ದೇನೆ.

ಕಾರಿನ ಲೋಕದಲ್ಲಿ ಫೋಕ್ಸ್‌ವ್ಯಾಗನ್ 2012ರಲ್ಲಿ ತಂದ, ಹಲವು ಕಾರುಗಳು ಹಂಚಿಕೊಳ್ಳುವ ಎಂಕ್ಯೂಬಿ ಅನ್ನುವ ತಳಹದಿ ಇದೇ ಲೆಕ್ಕ. ಪೆಡಲ್‌ನಿಂದ ಮುಂದಿನ ಚಕ್ರದ ನಡುಗೆರೆಯವರೆಗಿನ ದೂರ ಒಂದೇ. ಉದ್ದ, ಅಗಲ, ಚಕ್ರಗಳ ನಡುವಿನ ಅಂತರ ಬೇಕಾದಂತೆ. ಭಾರತಕ್ಕೆ ಹೊಂದಿಸಿದ ಅದರ ರೂಪದ ಮೇಲೆ 2021ರಲ್ಲಿ ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್ ಎರಡೂ ಬಂದವು.

ಹಂತ 1: ಒಂದೇ ಕುಟುಂಬ ಆರಿಸಿ, ಗೆರೆ ಎಳೆಯಿರಿ

ಇಡೀ ಕಂಪನಿಯನ್ನು ಒಟ್ಟಿಗೆ ಅಳೆಯಲು ಹೋಗಬೇಡಿ. ಒಂದು ಪ್ರಾಡಕ್ಟ್ ಫ್ಯಾಮಿಲಿ ಸಾಕು. ನಮ್ಮ ಉದಾಹರಣೆಯಲ್ಲಿ 40ರಿಂದ 250 ಲೀಟರ್ ಟ್ಯಾಂಕಿನ ಪವರ್ ಪ್ಯಾಕ್‌ಗಳು, 12 ಮಾಡೆಲ್, ವರ್ಷಕ್ಕೆ 300 ಆರ್ಡರ್, 600 ಪೀಸ್.

ಇನ್ನೊಂದು ಕುಟುಂಬವನ್ನು ಮುಟ್ಟದೆ ಹಾಗೇ ಬಿಡಿ, ಸಿಲಿಂಡರ್ ವಿಭಾಗ ಅಂದುಕೊಳ್ಳಿ. ಆದರೆ ಅದರ ಅಂಕಿಗಳನ್ನೂ ಬರೆದಿಡಿ. ಹಂತ 7ರಲ್ಲಿ ಇದೇ ನಿಮ್ಮನ್ನು ಕಾಪಾಡುತ್ತದೆ.

ಹಂತ 2: ಹಳೆಯ ಸ್ಥಿತಿಯ ಫೋಟೋ ತೆಗೆದಿಡಿ

ಒಂದು ತಾರೀಖು ಗೊತ್ತು ಮಾಡಿ. ನನ್ನ ಆಯ್ಕೆ ಮಾರ್ಚ್ 31, ಹೇಗೂ ಸ್ಟಾಕ್ ಎಣಿಕೆ ಆಗುವ ದಿನ. ಆ ದಿನದವರೆಗಿನ 24 ತಿಂಗಳ ಮಾಹಿತಿ ಇಆರ್‌ಪಿಯಿಂದಲೋ (ಇಡೀ ಕಂಪನಿಯ ಲೆಕ್ಕ ಇಡುವ ಸಾಫ್ಟ್‌ವೇರ್) ಟ್ಯಾಲಿಯಿಂದಲೋ ಇಳಿಸಿ, ಯಾರೂ ತಿದ್ದದಂತೆ ಬೇರೆ ಫೋಲ್ಡರ್‌ನಲ್ಲಿ ಇಡಿ. ಬೇಕಾಗುವುದು ಇಷ್ಟು: ಎಲ್ಲ ಮಾಡೆಲ್‌ಗಳ ಬಿಒಎಂ (ಒಂದು ಮಾಡೆಲ್‌ಗೆ ಬೇಕಾದ ಭಾಗಗಳ ಪಟ್ಟಿ), ಆರ್ಡರ್‌ವಾರು ತಾರೀಖುಗಳು, ಪಾರ್ಟ್‌ವಾರು ಸ್ಟಾಕ್ ಮತ್ತು ಬೆಲೆ, ಹೊಸದಾಗಿ ತೆರೆದ ಕೋಡ್‌ಗಳ ಪಟ್ಟಿ, ವಾರಂಟಿ ಕಂಪ್ಲೇಂಟ್‌ಗಳು.

ಮೊದಲ ತಲೆನೋವು ಇಲ್ಲೇ ಸಿಗುತ್ತದೆ. ಒಂದೇ ಬೋಲ್ಟ್ "ಹೆಕ್ಸ್ ಬೋಲ್ಟ್ ಎಂ10×30", "ಬೋಲ್ಟ್ ಎಂ10 ಹೆಕ್ಸ್ 30 ಎಂಎಂ", "ಎಂ10 30 ಬೋಲ್ಟ್" ಅಂತ ಮೂರು ಕೋಡ್‌ನಲ್ಲಿ ಕೂತಿರುತ್ತದೆ. ಇದನ್ನು ಫೋಟೋ ತೆಗೆಯುವ ಮೊದಲೇ ಶುಚಿ ಮಾಡಿ. ಇಲ್ಲವಾದರೆ ಆಮೇಲೆ ಡೂಪ್ಲಿಕೇಟ್ ಕೋಡ್ ಅಳಿಸಿದ್ದನ್ನೇ "ಮಾಡ್ಯುಲರ್‌ನಿಂದ ಶೇಕಡಾ 20 ಕಡಿಮೆಯಾಯಿತು" ಅಂತ ತೋರಿಸುತ್ತೀರಿ. ಅದು ಗುಡಿಸಿದ್ದು ಅಷ್ಟೇ, ವಿನ್ಯಾಸ ಅಲ್ಲ. ನಮ್ಮ 1,100ರಲ್ಲಿ ಇಂಥವು ಎಷ್ಟಿದ್ದವು ಅಂತ ಹೇಳಲು ನನಗೆ ಈಗಲೂ ನಾಚಿಕೆ.

ಹಂತ 3: ಹಂಚಿಕೆಯ ಪ್ರಮಾಣ ಎಣಿಸಿ

ಒಂದು ಭಾಗವನ್ನು ಎಷ್ಟು ಮಾಡೆಲ್‌ಗಳು ಹಂಚಿಕೊಳ್ಳುತ್ತವೆ? ಇದಕ್ಕೆ ಡೇವಿಡ್ ಕೊಲಿಯರ್ 1981ರಲ್ಲಿ ಕೊಟ್ಟ ಸರಳ ಸೂತ್ರ ಇಂದಿಗೂ ಸಾಕು. ಎಲ್ಲ ಬಿಒಎಂಗಳ ಸಾಲುಗಳನ್ನು ಕೂಡಿಸಿ. ಬೇರೆ ಬೇರೆ ಪಾರ್ಟ್ ನಂಬರ್ ಎಷ್ಟಿವೆಯೋ ಅದರಿಂದ ಭಾಗಿಸಿ.

12 ಮಾಡೆಲ್, ತಲಾ 80 ಸಾಲು: ಒಟ್ಟು 960. ಮೊದಲು 400 ಬೇರೆ ಪಾರ್ಟ್ ಇದ್ದರೆ 960 ÷ 400 = 2.4. ಮಾಡ್ಯುಲರ್ ಆದ ಮೇಲೆ 160 ಇದ್ದರೆ 6. ಏನೂ ಹಂಚಿಕೆ ಇಲ್ಲದಿದ್ದರೆ 1, ಎಲ್ಲ ಮಾಡೆಲ್ ಒಂದೇ ಆದರೆ 12.

ಈ ಅಂಕಿಗೊಂದು ಕೆಟ್ಟ ಚಾಳಿ ಇದೆ. ಬೋಲ್ಟ್, ವಾಷರ್, ಓ-ರಿಂಗ್‌ಗಳಿಂದ ಅದು ಸುಮ್ನೆ ಉಬ್ಬುತ್ತದೆ. 2 ರೂಪಾಯಿ ವಾಷರ್ ಹನ್ನೆರಡು ಮಾಡೆಲ್‌ಗೂ ಒಂದೇ ಆದರೆ ಯಾರಿಗೆ ಏನಾಯಿತು? ಹಾಗಾಗಿ ಎರಡು ಸಲ ಲೆಕ್ಕ ಮಾಡಿ. ಒಮ್ಮೆ ಎಲ್ಲವನ್ನೂ ಸೇರಿಸಿ. ಇನ್ನೊಮ್ಮೆ ಪ್ಯಾಕ್‌ನ ಬೆಲೆಯಲ್ಲಿ ಶೇಕಡಾ 80 ತಿನ್ನುವ ಭಾಗಗಳನ್ನು ಮಾತ್ರ ಇಟ್ಟುಕೊಂಡು: ಮೋಟರ್, ಪಂಪ್, ಟ್ಯಾಂಕ್, ಬ್ಲಾಕ್, ವಾಲ್ವ್. ಎರಡನೆಯದು ಏರದಿದ್ದರೆ ಮೊದಲನೆಯದರ ಬಗ್ಗೆ ಮಾತಾಡಬೇಡಿ.

ಅಳತೆಗಳ ಸಂಖ್ಯೆ ಇಳಿಸುವುದು ಹೊಸ ವಿದ್ಯೆ ಏನಲ್ಲ. 1870ರ ದಶಕದಲ್ಲಿ ಫ್ರೆಂಚ್ ಸೈನ್ಯದ ಎಂಜಿನಿಯರ್ ಶಾರ್ಲ್ ರೆನಾರ್, ಬಲೂನುಗಳಿಗೆ ಬಳಸುತ್ತಿದ್ದ 425 ಬಗೆಯ ಹಗ್ಗಗಳನ್ನು 17ಕ್ಕೆ ಇಳಿಸಿದ. ಸಮಾನ ಅಂತರದ ಬದಲು ಸಮಾನ ಅನುಪಾತದಲ್ಲಿ ಏರುವ ಸಂಖ್ಯೆಗಳನ್ನು ಆರಿಸಿದ. ಪವರ್ ಪ್ಯಾಕ್ ಟ್ಯಾಂಕುಗಳ 40, 63, 100, 160, 250 ಲೀಟರ್ ಇದೆಯಲ್ಲ, ಅದು ಅವನದೇ ಸರಣಿ. ಗ್ರಾಹಕ 70 ಲೀಟರ್ ಕೇಳಿದರೆ 63 ಸಾಕಾ, 100 ಬೇಕಾ ಅಂತ ಅವರ ಜೊತೆ ಕೂತು ಮಾತಾಡಬೇಕು. ಸೇಲ್ಸ್‌ನವರು ಆ ಮಾತು ಆಡದೆ "ಆಯ್ತು ಸಾರ್, 70 ಮಾಡ್ಕೊಡ್ತೀವಿ" ಅಂದರೆ ಎಲ್ಲ ಹೋಯಿತು.

ಅದಕ್ಕೇ ಇನ್ನೊಂದು ಅಂಕಿ ಬೇಕು. ಪ್ರತಿ ಆರ್ಡರ್‌ಗೆ ಹೊಸದಾಗಿ ಎಷ್ಟು ಪಾರ್ಟ್ ಕೋಡ್ ತೆರೆದಿರಿ? ಒಂದೇ ಒಂದು ಅಂಕಿ ನೋಡಲು ಬಿಟ್ಟರೆ ನಾನು ಇದನ್ನೇ ಆರಿಸುತ್ತೇನೆ. ಹಂಚಿಕೆಯ ಪ್ರಮಾಣ ಕಾಗದದ ಮೇಲಿನ ವಿನ್ಯಾಸವನ್ನು ಅಳೆಯುತ್ತದೆ. ಇದು ಜನರ ಅಭ್ಯಾಸವನ್ನು ಅಳೆಯುತ್ತದೆ. ಮಾಡ್ಯೂಲ್‌ಗಳನ್ನು ಚೆನ್ನಾಗಿಯೇ ಮಾಡಿಟ್ಟು, ಆರ್ಡರ್ ಬಂದಾಗ ಹಳೆಯ ಡ್ರಾಯಿಂಗ್ ಕಾಪಿ ಮಾಡಿ ಎರಡು ತೂತು ಸರಿಸುವವರು ಎಲ್ಲ ಕಡೆ ಇದ್ದಾರೆ. ನಾನೂ ಮಾಡಿದ್ದೇನೆ. ತಿಂಗಳ ಕೊನೆಗೆ ಕೋಡ್ ಪಟ್ಟಿ ತೆಗೆದರೆ ಎಲ್ಲ ಗೊತ್ತಾಗುತ್ತದೆ.

ಹಂತ 4: ಸ್ಟಾಕ್‌ನಲ್ಲಿ ಸಿಕ್ಕಿದ್ದು ಎಷ್ಟು

ದುಡ್ಡು ಜಾಸ್ತಿ ಸಿಗುವ ಜಾಗ ಇದು. ಹಾಗೇ ಮೋಸ ಹೋಗುವ ಜಾಗವೂ ಹೌದು. ಸ್ವಲ್ಪ ನಿಧಾನವಾಗಿ ನೋಡೋಣ.

ಆರು ಬಗೆಯ ಬೆಲ್ ಹೌಸಿಂಗ್ ಇದ್ದವು ಅಂದುಕೊಳ್ಳಿ. ಪ್ರತಿಯೊಂದರ ವಾರದ ಬೇಡಿಕೆ ಹೆಚ್ಚು ಕಡಿಮೆ ಆಗುತ್ತಾ ಇರುತ್ತದೆ, ಏರಿಳಿತದ ಅಳತೆ 4 ಪೀಸ್. ಎಕ್ಸೆಲ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್ ಅಂತ ಸಿಗುತ್ತದಲ್ಲ, ಅದೇ. ಫೌಂಡ್ರಿಯಿಂದ ಮಾಲು ಬರಲು 4 ವಾರ. ನೂರರಲ್ಲಿ 95 ಸಲ ಕೊರತೆ ಬರಬಾರದು ಅಂದರೆ ಕೈಯಲ್ಲಿ ಇಡಬೇಕಾದ ಹೆಚ್ಚುವರಿ ಸ್ಟಾಕ್: 1.65 (95ಕ್ಕೆ ಹೊಂದುವ ಗುಣಕ) × ಏರಿಳಿತ 4 × ವಾರಗಳ ಸಂಖ್ಯೆ 4ರ ವರ್ಗಮೂಲ. ಅಂದರೆ 1.65 × 4 × 2, ಸುಮಾರು 13 ಪೀಸ್. ಆರು ಬಗೆಗೆ ಒಟ್ಟು 79.

ಈಗ ಆರೂ ಸೇರಿ ಒಂದೇ ಬಗೆ ಆಯಿತು. ಏರಿಳಿತ ಆರು ಪಟ್ಟು ಆಗುವುದಿಲ್ಲ, 6ರ ವರ್ಗಮೂಲದಷ್ಟು, ಅಂದರೆ 2.45 ಪಟ್ಟು ಆಗುತ್ತದೆ. ಒಬ್ಬ ಗ್ರಾಹಕ ಜಾಸ್ತಿ ಕೇಳಿದ ವಾರ ಇನ್ನೊಬ್ಬ ಕಡಿಮೆ ಕೇಳಿರುತ್ತಾನೆ. ಹೊಸ ಹೆಚ್ಚುವರಿ ಸ್ಟಾಕ್ 32 ಪೀಸ್. 79ರಿಂದ 32ಕ್ಕೆ.

ಚೆನ್ನಾಗಿದೆ ಅಲ್ವಾ? ಆದರೆ ಈ ಲೆಕ್ಕ ನಿಂತಿರುವುದು ಬೇಡಿಕೆಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಏರಿಳಿಯುತ್ತವೆ ಅನ್ನುವ ನಂಬಿಕೆ ಮೇಲೆ. ನಿಮ್ಮ ಗ್ರಾಹಕರು ಹೆಚ್ಚಿನವರು ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳು ಅಂದುಕೊಳ್ಳಿ. ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುಂಚೆ ಎಲ್ಲರೂ ಒಟ್ಟಿಗೇ ಕೇಳುತ್ತಾರೆ, ಆಮೇಲೆ ಒಟ್ಟಿಗೇ ಸುಮ್ಮನಾಗುತ್ತಾರೆ. ಆಗ ಒಂದುಗೂಡಿಸಿದರೆ ಏರಿಳಿತ ಹೆಚ್ಚು ಕಡಿಮೆ ಆರು ಪಟ್ಟೇ ಆಗುತ್ತದೆ, ಹೆಚ್ಚುವರಿ ಸ್ಟಾಕ್ ಅಷ್ಟಾಗಿ ಇಳಿಯುವುದಿಲ್ಲ. ಹಾಗಾಗಿ ವರ್ಗಮೂಲದ ಸೂತ್ರವನ್ನು ಕಣ್ಣುಮುಚ್ಚಿ ಹಾಕಬೇಡಿ. ಹಳೆಯ 24 ತಿಂಗಳ ಬಳಕೆಯನ್ನು ವಾರವಾರು ಕೂಡಿಸಿ, ಕೂಡಿಸಿದ ಸಾಲಿನ ಏರಿಳಿತವನ್ನೇ ನೇರ ಲೆಕ್ಕ ಮಾಡಿ. ಹತ್ತು ನಿಮಿಷದ ಕೆಲಸ, ಊಹೆಯ ಗೊಡವೆ ಇಲ್ಲ.

ಒಂದುಗೂಡಿಸುವುದಕ್ಕೆ ಭಾಗವೇ ಒಂದಾಗಬೇಕು ಅಂತಲೂ ಇಲ್ಲ. ಬೇರೆ ಮಾಡುವ ಕೆಲಸವನ್ನು ಕೊನೆಗೆ ತಳ್ಳಿದರೂ ನಡೆಯುತ್ತದೆ. ಎಚ್‌ಪಿ ಕಂಪನಿ ತನ್ನ ಡೆಸ್ಕ್‌ಜೆಟ್ ಪ್ರಿಂಟರ್‌ಗಳಲ್ಲಿ ಇದನ್ನೇ ಮಾಡಿತು. ಯುರೋಪಿನ ದೇಶದೇಶಕ್ಕೆ ಬೇರೆ ಪವರ್ ಸಪ್ಲೈ, ಬೇರೆ ಭಾಷೆಯ ಕೈಪಿಡಿ ಬೇಕಿತ್ತು. ಅದನ್ನು ಫ್ಯಾಕ್ಟರಿಯಲ್ಲಿ ಹಾಕುವ ಬದಲು ಯುರೋಪಿನ ಗೋದಾಮಿನಲ್ಲಿ ಹಾಕಿದರು. ಪ್ರಿಂಟರ್ ಎಲ್ಲರಿಗೂ ಒಂದೇ ಆಗಿ ಹಡಗು ಹತ್ತಿತು. ನಿಮ್ಮಲ್ಲೂ ಇಂಥದು ಇರುತ್ತದೆ. ಪೇಂಟ್ ಬಣ್ಣ, ವಾಲ್ವ್ ಕಾಯಿಲ್ ವೋಲ್ಟೇಜ್, ನೇಮ್ ಪ್ಲೇಟ್.

ಈಗ ಸ್ಟೋರ್‌ಕೀಪರ್ ಮಾತಿಗೆ ಬರೋಣ. ಸ್ಟಾಕ್ ಅಳೆಯುವಾಗ ಮೂರು ಸಾಲು ಬೇರೆ ಬೇರೆ ಇಡಿ. ಹೊಸ ಮಾಡ್ಯೂಲ್‌ಗಳ ಸ್ಟಾಕ್, ಇನ್ನೂ ಬಳಕೆಯಲ್ಲಿರುವ ಹಳೆಯ ಭಾಗಗಳ ಸ್ಟಾಕ್, ಇನ್ನು ಬಳಕೆಗೆ ಬಾರದ ಡೆಡ್ ಸ್ಟಾಕ್. ಮೊದಲ ಆರು ತಿಂಗಳು ಒಟ್ಟು ಮೊತ್ತ ಏರಿಯೇ ಏರುತ್ತದೆ, ಹಳೆಯದೂ ಹೊಸದೂ ಒಟ್ಟಿಗೆ ಕೂತಿರುತ್ತವೆ. ಇದನ್ನು ಮುಂಚೆಯೇ ಮಾಲೀಕರಿಗೆ ಹೇಳಿಬಿಡಿ. ನಾವು ಹೇಳಿರಲಿಲ್ಲ. ಎರಡನೇ ಸಲ ಬೇರೆ ಕುಟುಂಬಕ್ಕೆ ಕೈ ಹಾಕಿದಾಗ ಹಳೆಯ ಭಾಗಗಳ ಪಟ್ಟಿ ಪ್ರಿಂಟ್ ತೆಗೆದು ಡಿಸೈನ್ ರೂಮಿನ ಗೋಡೆಗೆ ಅಂಟಿಸಿದೆವು. ಹೊಂದುವ ಆರ್ಡರ್ ಬಂದರೆ ಮೊದಲು ಅದನ್ನೇ ಬಳಸಬೇಕು, ಬಳಸಿದ ಸಾಲು ಕೆಂಪು ಪೆನ್ನಿನಲ್ಲಿ ಹೊಡೆಯಬೇಕು. ಮುಗಿಯದೆ ಉಳಿದ ಬೆಲ್ ಹೌಸಿಂಗ್‌ಗಳಲ್ಲಿ ಒಂದು ಈಗ ನನ್ನ ಟೇಬಲ್ ಮೇಲೆ ಪೆನ್ ಸ್ಟ್ಯಾಂಡ್.

ಹಂತ 5: ಸಮಯ ಅಳೆಯಿರಿ, ಆದರೆ ಇನ್‌ವಾಯ್ಸ್ ತಾರೀಖು ನಂಬಬೇಡಿ

ಪ್ರತಿ ಆರ್ಡರ್‌ಗೆ ನಾಲ್ಕು ತಾರೀಖು ಬೇಕು: ಪಿಒ (ಗ್ರಾಹಕರ ಖರೀದಿ ಆದೇಶ) ಬಂದ ದಿನ, ಡ್ರಾಯಿಂಗ್ ರಿಲೀಸ್ ಆದ ದಿನ, ಕೊನೆಯ ಬಿಡಿಭಾಗದ ಜಿಆರ್‌ಎನ್ (ಮಾಲು ಕೈಸೇರಿದ ಚೀಟಿ) ದಿನ, ಟೆಸ್ಟಿಂಗ್ ಮುಗಿದ ದಿನ. ಇನ್‌ವಾಯ್ಸ್ ದಿನ ಬೇಡ. ತಿಂಗಳ 28ರ ನಂತರ ಎಲ್ಲ ಕಂಪನಿಯಲ್ಲೂ ಬಿಲ್ಲಿಂಗ್ ಜಾತ್ರೆ ನಡೆಯುತ್ತದೆ. 10ನೇ ತಾರೀಖು ರೆಡಿಯಾದ ಪೀಸ್ ಪೇಮೆಂಟ್‌ಗಾಗಿ ಕಾದು 30ಕ್ಕೆ ಹೊರಡುತ್ತದೆ. ಅದಕ್ಕೂ ವಿನ್ಯಾಸಕ್ಕೂ ಸಂಬಂಧ ಇಲ್ಲ.

ಸರಾಸರಿ ತೆಗೆಯಬೇಡಿ, ನಡುವಿನ ಅಂಕಿ ತೆಗೆಯಿರಿ. 11 ಆರ್ಡರ್‌ಗಳನ್ನು ದಿನಗಳ ಕ್ರಮದಲ್ಲಿ ಜೋಡಿಸಿದರೆ ಆರನೆಯದು. ಒಂದು ಆರ್ಡರ್ ಗ್ರಾಹಕನ ಅಪ್ರೂವಲ್‌ಗಾಗಿ 90 ದಿನ ನಿಂತಿದ್ದರೆ ಸರಾಸರಿ ಕೆಟ್ಟುಹೋಗುತ್ತದೆ, ನಡುವಿನ ಅಂಕಿಗೆ ಏನೂ ಆಗುವುದಿಲ್ಲ.

ಮಾಡ್ಯುಲರ್‌ನ ಪರಿಣಾಮ ಮುಖ್ಯವಾಗಿ ಮೊದಲ ಎರಡು ಅಂತರಗಳಲ್ಲಿ ಕಾಣಬೇಕು: ಪಿಒ ಇಂದ ಡ್ರಾಯಿಂಗ್, ಡ್ರಾಯಿಂಗ್‌ನಿಂದ ಕೊನೆಯ ಭಾಗ. ಅಲ್ಲಿ ಇಳಿಯದೆ ಅಸೆಂಬ್ಲಿಯಲ್ಲಿ ಮಾತ್ರ ಇಳಿದಿದ್ದರೆ, ಅದು ಹೊಸ ಸೂಪರ್‌ವೈಸರ್ ಮಾಡಿದ ಕೆಲಸ ಇರಬಹುದು.

ಡಿಸೈನ್ ಗಂಟೆಗಳನ್ನೂ ಬರೆಸಿ. ಟೈಮ್ ಶೀಟ್ ಅಂದರೆ ಜನ ಮುಖ ಸಿಂಡರಿಸುತ್ತಾರೆ. ಆರ್ಡರ್ ಫೈಲಿನ ಮೇಲೆ ದಿನಕ್ಕೊಂದು ಅಂಕಿ ಗೀಚಿದರೂ ಸಾಕು.

ಹಂತ 6: ಒಂದು ಪಾರ್ಟ್ ನಂಬರ್ ಸಾಕುವ ಖರ್ಚು

ಹೊಸ ಕೋಡ್ ತೆರೆಯುವುದು ಪುಕ್ಕಟೆ ಅಂತ ಎಲ್ಲರ ಭಾವನೆ. ನಿಮ್ಮಲ್ಲಿ ಒಂದು ಮಧ್ಯಮ ಮಟ್ಟದ ಭಾಗವನ್ನು ಹಿಡಿದು, ಅದರ ಹಿಂದೆ ಯಾರು ಯಾರು ಎಷ್ಟು ಹೊತ್ತು ಓಡಾಡಿದರು ಅಂತ ಕೇಳುತ್ತಾ ಹೋಗಿ. ಡ್ರಾಯಿಂಗ್ 6 ಗಂಟೆ, ಚೆಕಿಂಗ್ 1, ಕೋಡ್ ಮತ್ತು ಬಿಒಎಂ 1, ವೆಂಡರ್ ಕೊಟೇಶನ್ ಮತ್ತು ಫಾಲೋಅಪ್ 5, ಮೊದಲ ಪೀಸ್ ಇನ್‌ಸ್ಪೆಕ್ಷನ್ 2. ಒಟ್ಟು 15 ಗಂಟೆ. ಗಂಟೆಗೆ 450 ರೂಪಾಯಿ ಹಿಡಿದರೆ 6,750. ಆಮೇಲೆ ಪ್ರತಿ ವರ್ಷ ಎಣಿಕೆ, ಜಾಗ, ರಿವಿಷನ್ ಅಂತ ಇನ್ನೊಂದಿಷ್ಟು. 900 ರೂಪಾಯಿಯ ಬ್ರಾಕೆಟ್‌ನಲ್ಲಿ 50 ರೂಪಾಯಿ ಉಳಿಸಲು ಹೊಸ ಕೋಡ್ ತೆರೆದರೆ, ಆ ಖರ್ಚು ವಾಪಸ್ ಬರಲು 135 ಪೀಸ್ ಮಾರಬೇಕು.

ಇನ್ನು ಕಷ್ಟದ ಪ್ರಶ್ನೆ. ಉಳಿದ ಗಂಟೆ ಅಂದರೆ ಉಳಿದ ದುಡ್ಡಾ? ಡಿಸೈನರ್ ಸಂಬಳ ಹೇಗೂ ಕೊಡುತ್ತೀರಿ. ಆ ಗಂಟೆಯಲ್ಲಿ ಅವರು ಬೇರೆ ಆರ್ಡರ್ ಮಾಡಿದರೆ, ಹೊರಗೆ ಕೊಡುತ್ತಿದ್ದ ಡ್ರಾಫ್ಟಿಂಗ್ ನಿಂತರೆ, ಓವರ್‌ಟೈಮ್ ಇಳಿದರೆ ದುಡ್ಡು. ಇಲ್ಲವಾದರೆ ಟೀ ಬ್ರೇಕ್ ಉದ್ದವಾಯಿತು ಅಷ್ಟೇ. ಬೇರೆ ಕೆಲಸಕ್ಕೆ ಹೋದದ್ದನ್ನು ತೋರಿಸಲು ಆಗುವಷ್ಟು ಗಂಟೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಹಂತ 7: ನಷ್ಟದ ಕಡೆಯನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಿರಿ

ನಾನು ನೋಡಿದ ಹೆಚ್ಚಿನ ವರದಿಗಳಲ್ಲಿ ಈ ಭಾಗ ಇರುವುದೇ ಇಲ್ಲ.

ಮೊದಲನೆಯದು, ಬೇಕಾದ್ದಕ್ಕಿಂತ ಜಾಸ್ತಿ ಕೊಡುವುದು. ಗ್ರಾಹಕನಿಗೆ ಮೂರು ವಾಲ್ವ್ ಸಾಕು, ನಮ್ಮ ಹತ್ತಿರ ಇರುವುದು ನಾಲ್ಕು ವಾಲ್ವ್ ಕೂರುವ ಬ್ಲಾಕ್. ನಾಲ್ಕನೇ ಜಾಗಕ್ಕೆ ಬ್ಲಾಂಕಿಂಗ್ ಪ್ಲೇಟ್ ಹಾಕಿ ಮುಚ್ಚುತ್ತೇವೆ. ಆ ಉಕ್ಕು, ಆ ಡ್ರಿಲ್ಲಿಂಗ್, ಆ ತೂಕ ಎಲ್ಲ ನಮ್ಮ ಖರ್ಚು. ಇದನ್ನು ಅಳೆಯಲು ಸುಲಭದ ದಾರಿ ಇದೆ: ಸ್ಟೋರ್ಸ್‌ನಿಂದ ವರ್ಷಕ್ಕೆ ಎಷ್ಟು ಬ್ಲಾಂಕಿಂಗ್ ಪ್ಲೇಟ್ ಹೊರಗೆ ಹೋಯಿತು ನೋಡಿ. 600 ಪ್ಯಾಕ್‌ಗೆ 200 ಪ್ಲೇಟ್ ಆದರೆ ಪರವಾಗಿಲ್ಲ. 900 ಆದರೆ ನಿಮ್ಮ ಬ್ಲಾಕ್ ತೀರಾ ದೊಡ್ಡದು, ಎರಡು ವಾಲ್ವ್‌ನ ಇನ್ನೊಂದು ಬ್ಲಾಕ್ ಬೇಕು. ಪ್ರತಿ ಉತ್ಪನ್ನದಲ್ಲೂ ಇಂಥ "ಮುಚ್ಚುವ ಭಾಗ" ಒಂದಿರುತ್ತದೆ. ಖಾಲಿ ಕನೆಕ್ಟರ್ ಕ್ಯಾಪ್, ಬಳಸದ ತೂತಿನ ಪ್ಲಗ್, ಡಮ್ಮಿ ಕವರ್. ಅದನ್ನು ಹುಡುಕಿ ಎಣಿಸಿ.

ಇದನ್ನು ಜಾಣತನದಿಂದ ಕಡಿಮೆ ಮಾಡಬಹುದು. ಬ್ಲಾಕ್ ಅಂಡ್ ಡೆಕ್ಕರ್ 1970ರ ದಶಕದಲ್ಲಿ ಡ್ರಿಲ್, ಸ್ಯಾಂಡರ್, ಗರಗಸ ಎಲ್ಲಕ್ಕೂ ಒಂದೇ ಬಗೆಯ ಮೋಟರ್ ಮಾಡಿತು. ವ್ಯಾಸ ಎಲ್ಲಕ್ಕೂ ಒಂದೇ, ಜಾಸ್ತಿ ಶಕ್ತಿ ಬೇಕಾದರೆ ಮೋಟರ್‌ನ ಉದ್ದ ಮಾತ್ರ ಹೆಚ್ಚಿಸಿದರು. ಮೆಷಿನ್, ಫಿಕ್ಸ್ಚರ್ ಬದಲಾಯಿಸದೆ ಸಣ್ಣ ಉಪಕರಣಕ್ಕೆ ಸಣ್ಣ ಮೋಟರ್ ಸಿಕ್ಕಿತು.

ಎರಡನೆಯದು, ಜೋಡಿಸುವ ಜಾಗದ ಖರ್ಚು. ಮೊದಲು ವೆಲ್ಡ್ ಮಾಡಿ ಮುಗಿಸುತ್ತಿದ್ದ ಕಡೆ ಈಗ ಫ್ಲೇಂಜ್, ಬೋಲ್ಟ್, ಸೀಲ್. ಹೈಡ್ರಾಲಿಕ್‌ನಲ್ಲಿ ಪ್ರತಿ ಸೀಲ್ ಮುಂದೊಂದು ದಿನ ಎಣ್ಣೆ ಸೋರುವ ಜಾಗ. ವಾರಂಟಿ ಕಂಪ್ಲೇಂಟ್‌ಗಳಲ್ಲಿ "ಜಾಯಿಂಟ್ ಲೀಕ್" ಅನ್ನುವುದನ್ನು ಬೇರೆಯಾಗಿಯೇ ಎಣಿಸಿ.

ಮೂರನೆಯದು, ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ. ಟಕಾಟ ಕಂಪನಿಯ ಏರ್‌ಬ್ಯಾಗ್ ಇನ್‌ಫ್ಲೇಟರ್ ಹತ್ತೊಂಬತ್ತು ಕಾರು ಕಂಪನಿಗಳ ಗಾಡಿಗಳಲ್ಲಿತ್ತು. ದೋಷ ಹೊರಬಿದ್ದಾಗ ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್ ವಾಪಸ್ ಕರೆಯಬೇಕಾಯಿತು. ನಿಮ್ಮದು ಅಷ್ಟು ದೊಡ್ಡದಲ್ಲ ಸರಿ. ಆದರೂ ಪ್ರತಿ ಮಾಡ್ಯೂಲ್ ಎದುರು ಒಂದು ಅಂಕಿ ಬರೆಯಿರಿ: ಇದರಲ್ಲಿ ದೋಷ ಸಿಕ್ಕರೆ ಹೊರಗಿರುವ ಎಷ್ಟು ಪ್ಯಾಕ್ ಮುಟ್ಟಬೇಕು? ಬ್ಯಾಚ್ ನಂಬರ್ ಪಂಚ್ ಮಾಡುತ್ತಿದ್ದರೆ ಆ ಅಂಕಿ 40 ಆಗಬಹುದು. ಮಾಡದಿದ್ದರೆ 600.

ಸರ್ವಿಸ್ ಕಡೆ ಮಾತ್ರ ಸಾಮಾನ್ಯವಾಗಿ ಲಾಭವೇ. ಎಂಜಿನಿಯರ್ ಮೊದಲ ಭೇಟಿಯಲ್ಲೇ ರಿಪೇರಿ ಮುಗಿಸಿದ ಕೇಸ್ ಎಷ್ಟು, ಭಾಗ ಇಲ್ಲದೆ ವಾಪಸ್ ಬಂದದ್ದು ಎಷ್ಟು, ಇಷ್ಟು ಸಾಕು.

ಇಷ್ಟೆಲ್ಲ ಆದ ಮೇಲೆ ಮುಟ್ಟದೆ ಬಿಟ್ಟ ಸಿಲಿಂಡರ್ ವಿಭಾಗವನ್ನು ಹೊರತೆಗೆಯಿರಿ. ಪವರ್ ಪ್ಯಾಕ್ ಸಮಯ 7 ದಿನ ಇಳಿದಿದೆ, ಸಿಲಿಂಡರ್‌ನದೂ 2 ದಿನ ಇಳಿದಿದೆ ಅಂದರೆ, ಆ 2 ದಿನ ಹೊಸ ಮೆಷಿನ್‌ನಿಂದಲೋ ಹೊಸ ಇಆರ್‌ಪಿಯಿಂದಲೋ ಬಂದದ್ದು. ನಿಮ್ಮ ಪಾಲು 5. ಬೆಲೆಗಳನ್ನೂ ಹೀಗೇ ಸರಿಪಡಿಸಿ. ಎರಡು ವರ್ಷದಲ್ಲಿ ಉಕ್ಕಿನ ದರ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಹಳೆಯ ಬಿಒಎಂ, ಹೊಸ ಬಿಒಎಂ ಎರಡಕ್ಕೂ ಒಂದೇ ದಿನದ ದರ ಹಾಕಿ ಹೋಲಿಸಿ.

ಹಂತ 8: ರೂಪಾಯಿಗೆ ಇಳಿಸಿ

ಒಮ್ಮೆ ಆಗುವ ಖರ್ಚು: ಡಿಸೈನ್ 1,800 ಗಂಟೆ, 8,10,000 ರೂಪಾಯಿ. ಫಿಕ್ಸ್ಚರ್, ಪ್ಯಾಟರ್ನ್ 6,50,000. ಗುಜರಿಗೆ ಹೋದ ಹಳೆಯ ಸ್ಟಾಕ್ 5,40,000. ಒಟ್ಟು 20 ಲಕ್ಷ.

ವರ್ಷ ವರ್ಷ ಬರುವುದು: ಒಂದೇ ಭಾಗ ಜಾಸ್ತಿ ಕೊಂಡಿದ್ದರಿಂದ ದರದಲ್ಲಿ ಸಿಕ್ಕಿದ್ದು 5,20,000. ಸ್ಟಾಕ್ 30 ಲಕ್ಷ ಇಳಿದಿದ್ದರೆ, ಸ್ಟಾಕ್ ಇಟ್ಟುಕೊಳ್ಳುವ ಖರ್ಚು ವರ್ಷಕ್ಕೆ ಶೇಕಡಾ 14ರಂತೆ 4,20,000. ಡಿಸೈನ್ ಗಂಟೆ ಆರ್ಡರಿಗೆ 9ರಿಂದ 4ಕ್ಕೆ ಇಳಿದರೆ 300 ಆರ್ಡರ್‌ಗೆ 1,500 ಗಂಟೆ, 6,75,000 ಆಗುತ್ತದೆ. ಅದರಲ್ಲಿ ಬೇರೆ ಕೆಲಸಕ್ಕೆ ಹೋದದ್ದನ್ನು ತೋರಿಸಲು ಆದದ್ದು ಶೇಕಡಾ 60 ಮಾತ್ರ, ಅಂದರೆ 4,05,000. ವಾರಂಟಿ, ರೀವರ್ಕ್ ಉಳಿತಾಯ 1,15,000. ಕೂಡಿದರೆ 14,60,000. ಇದರಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟದ್ದು ಪ್ಯಾಕಿಗೆ 600ರಂತೆ 3,60,000 ಕಳೆಯಿರಿ. ಉಳಿದದ್ದು 11 ಲಕ್ಷ.

20 ಲಕ್ಷ ವಾಪಸ್ ಬರಲು ಸುಮಾರು 22 ತಿಂಗಳು. ಗಂಟೆಗಳನ್ನು ಪೂರ್ತಿ ಹಿಡಿದಿದ್ದರೆ 18 ತಿಂಗಳಿಗಿಂತ ಕಡಿಮೆ ತೋರಿಸುತ್ತಿತ್ತು. ಆ ನಾಲ್ಕು ತಿಂಗಳ ವ್ಯತ್ಯಾಸದಲ್ಲೇ ಅಕೌಂಟ್ಸ್‌ನವರ ನಂಬಿಕೆ ಹೋಗುವುದು. ಇಳಿದ 30 ಲಕ್ಷ ಸ್ಟಾಕ್ ಲಾಭ ಅಲ್ಲ, ಕಪಾಟಿನಿಂದ ಬ್ಯಾಂಕಿಗೆ ಬಂದ ನಿಮ್ಮದೇ ದುಡ್ಡು. ಅದನ್ನು ಬೇರೆ ಸಾಲಿನಲ್ಲಿ ತೋರಿಸಿ, ಮೇಲಿನ ಮೊತ್ತಕ್ಕೆ ಸೇರಿಸಬೇಡಿ.

ಹಂತ 9: 6, 12, 24 ತಿಂಗಳಿಗೆ ಮತ್ತೆ ನೋಡಿ

ಆರು ತಿಂಗಳಿಗೆ ರೂಪಾಯಿ ನೋಡಬೇಡಿ, ಆಗ ಎಲ್ಲ ಕೆಂಪಾಗಿಯೇ ಇರುತ್ತದೆ. ಆರ್ಡರಿಗೆ ತೆರೆದ ಹೊಸ ಕೋಡ್ ಮತ್ತು ಹಳೆಯ ಸ್ಟಾಕ್ ಕರಗುವ ವೇಗ, ಇವೆರಡೇ ಸಾಕು. ಹನ್ನೆರಡಕ್ಕೆ ಸಮಯ, ಸ್ಟಾಕ್, ಬ್ಲಾಂಕಿಂಗ್ ಪ್ಲೇಟ್. ಇಪ್ಪತ್ತನಾಲ್ಕಕ್ಕೆ ಪೂರ್ತಿ ಲೆಕ್ಕ, ಹಂತ 8ರಂತೆ. ಲೆಕ್ಕ ಮಾಡುವವರು ಡಿಸೈನ್ ವಿಭಾಗದವರು ಆಗದಿದ್ದರೆ ಒಳ್ಳೆಯದು. ನಮ್ಮ ಪರೀಕ್ಷೆಗೆ ನಾವೇ ಮಾರ್ಕ್ಸ್ ಹಾಕಿಕೊಂಡ ಹಾಗಾಗುತ್ತದೆ.

ಎರಡು ವರ್ಷ ಆದರೂ ಅಂಕಿಗಳು ಏಳದಿದ್ದರೆ ಇಡೀ ಕುಟುಂಬವನ್ನು ಬೈಯಬೇಡಿ, ಮಾಡೆಲ್‌ವಾರು ಒಡೆದು ನೋಡಿ. ಹೆಚ್ಚಾಗಿ 12ರಲ್ಲಿ ಎರಡು ಮೂರು ಮಾಡೆಲ್ ಎಲ್ಲವನ್ನೂ ಕೆಳಗೆ ಎಳೆಯುತ್ತಿರುತ್ತವೆ. ವರ್ಷಕ್ಕೆ ನಾಲ್ಕು ಪೀಸ್ ಹೋಗುವ, ಪ್ರತಿ ಸಲ ಗ್ರಾಹಕ ಏನೋ ಒಂದು ಬೇರೆ ಕೇಳುವ ಮಾಡೆಲ್‌ಗಳು. ಅವನ್ನು ಮಾಡ್ಯುಲರ್ ಪಟ್ಟಿಯಿಂದ ಹೊರಗೆ ತೆಗೆದು "ಸ್ಪೆಷಲ್" ಅಂತ ಬೇರೆ ಮಾಡಿ. ಬೆಲೆಯೂ ಸ್ಪೆಷಲ್ ಇರಲಿ: ಹಂತ 6ರಲ್ಲಿ ತೆಗೆದ ಕೋಡ್ ಖರ್ಚನ್ನು ಕೊಟೇಶನ್‌ನಲ್ಲೇ ಒಂದು ಸಾಲಾಗಿ ಹಾಕಿ ಕಳಿಸಿ. 70 ಲೀಟರ್ ಟ್ಯಾಂಕೇ ಬೇಕು ಅನ್ನುತ್ತಿದ್ದವರು ಆ ಸಾಲು ನೋಡಿದ ಮೇಲೆ ಫೋನ್ ಮಾಡಿ, "63 ಲೀಟರ್‌ನಲ್ಲಿ ಆಗುತ್ತಾ ನೋಡಿ ಸಾರ್" ಅನ್ನುವುದುಂಟು.